25 ಗಂಟೆಯ ದಿನ ಎಲ್ಲಿಂದ ಬಂತು?

ಸೂರ್ಯನ ಬೆಳಕಿನಿಂದ ದೂರ ಇಟ್ಟರೆ ಮನುಷ್ಯನ ದಿನ 25 ಗಂಟೆಗೆ ಹಿಗ್ಗುತ್ತದೆ ಎಂಬ ಮಾತು ಎಷ್ಟೋ ವರ್ಷ ಪಠ್ಯಪುಸ್ತಕಗಳಲ್ಲಿತ್ತು. ಅದು ತಪ್ಪು. ಆದರೆ ಆ ತಪ್ಪು ಆದದ್ದು ಹೇಗೆ ಎಂಬುದು ಸ್ವಾರಸ್ಯದ ಕತೆ.

ಜೀವಿಗಳ ಒಳಗೇ ಗಡಿಯಾರವಿರಬಹುದೆಂಬ ಗುಮಾನಿ ಮೊದಲು ಹುಟ್ಟಿದ್ದು ಒಂದು ಗಿಡದಿಂದ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೇರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟರು. ಬಿಸಿಲು ಕಾಣದಿದ್ದರೂ ಅದರ ಎಲೆಗಳು ಹಗಲು ಬಿಚ್ಚಿಕೊಂಡವು, ರಾತ್ರಿ ಮುದುಡಿದವು. ಮನುಷ್ಯರ ಸರದಿ ಬಂದದ್ದು ಇನ್ನೂರು ವರ್ಷದ ಮೇಲೆ. 1938ರಲ್ಲಿ ಶಿಕಾಗೋದ ನಿದ್ದೆಯ ಸಂಶೋಧಕರಾದ ನಥಾನಿಯಲ್ ಕ್ಲೈಟ್‌ಮನ್ ಮತ್ತು ಬ್ರೂಸ್ ರಿಚರ್ಡ್‌ಸನ್ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ಇದ್ದು, 28 ಗಂಟೆಯ ದಿನಚರಿ ನಡೆಸಿದರು. ಕಿರಿಯ ರಿಚರ್ಡ್‌ಸನ್ ಹೊಂದಿಕೊಂಡರು, ಕ್ಲೈಟ್‌ಮನ್ ಮೈ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

1962ರಲ್ಲಿ ಫ್ರಾನ್ಸಿನ ಯುವ ಭೂವಿಜ್ಞಾನಿ ಮಿಶೆಲ್ ಸಿಫ್ರ್ ಆಲ್ಪ್ಸ್‌ನ ಹಿಮದ ಗುಹೆಯೊಂದಕ್ಕೆ ಗಡಿಯಾರವಿಲ್ಲದೆ ಇಳಿದರು. ಎದ್ದಾಗ, ಮಲಗುವಾಗ ಮೇಲಿನವರಿಗೆ ಫೋನ್ ಮಾಡುತ್ತಿದ್ದರು. ಮೇಲಿನವರು ಮಾತ್ರ ಸಮಯ ಹೇಳುವಂತಿರಲಿಲ್ಲ. ಸೆಕೆಂಡಿಗೊಂದರಂತೆ 120ರವರೆಗೆ ಎಣಿಸು ಎಂದರೆ ಐದು ನಿಮಿಷ ಹಿಡಿಯುತ್ತಿತ್ತು. ಸೆಪ್ಟೆಂಬರ್ 14ರಂದು ಪ್ರಯೋಗ ಮುಗಿಯಿತೆಂದು ಕರೆದಾಗ ಸಿಫ್ರ್ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಮನಸ್ಸಿನ ಲೆಕ್ಕ ಇಷ್ಟು ಹದಗೆಟ್ಟಿದ್ದರೂ ಅವರ ನಿದ್ದೆ–ಎಚ್ಚರದ ಸುತ್ತು ಸರಾಸರಿ ಇಪ್ಪತ್ತನಾಲ್ಕೂವರೆ ಗಂಟೆಯಲ್ಲೇ ನಡೆದಿತ್ತು!

ಅದೇ ದಶಕದಲ್ಲಿ ಜರ್ಮನಿಯ ಆಂಡೆಕ್ಸ್‌ನಲ್ಲಿ ವಿಜ್ಞಾನಿ ಯೂರ್ಗನ್ ಆಶಾಫ್ ನೆಲದಡಿ ಕೋಣೆ ಕಟ್ಟಿಸಿ ಹಲವರನ್ನು ವಾರಗಟ್ಟಲೆ ಇರಿಸಿದರು. 25 ಗಂಟೆ ಎಂಬ ಅಂಕಿ ಬಂದದ್ದು ಮುಖ್ಯವಾಗಿ ಅಲ್ಲಿಂದ. ಒಳಗಿದ್ದವರು ತಮಗೆ ಬೇಕಾದಾಗ ದೀಪ ಹಾಕಿ, ಮಲಗುವಾಗ ಆರಿಸುತ್ತಿದ್ದರು. ರಾತ್ರಿ ದೀಪದ ಬೆಳಕು ಒಳಗಿನ ಗಡಿಯಾರವನ್ನು ತಡಮಾಡಿಸಿ ದಿನವನ್ನು ಹಿಗ್ಗಿಸುತ್ತದೆ ಎಂಬುದನ್ನು ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಜೈಸ್ಲರ್ ತಂಡ ಕ್ಲೈಟ್‌ಮನ್ನರ ಹಳೆಯ 28 ಗಂಟೆಯ ಉಪಾಯವನ್ನೇ ಮಂದ ಬೆಳಕಿನಲ್ಲಿ ಮತ್ತೆ ಹೂಡಿತು. ಸಿಕ್ಕಿದ ಸರಾಸರಿ 24 ಗಂಟೆ 11 ನಿಮಿಷ.

ಈ ಗಡಿಯಾರ ಕೂತಿರುವುದು ಮಿದುಳಿನ ಹೈಪೊಥಲಾಮಸ್‌ನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ಅಡ್ಡಹಾಯುವ ಜಾಗದ ಮೇಲೆ. ಸುಮಾರು 20,000 ನರಕೋಶಗಳ ಸಣ್ಣ ಗುಂಪು, ಅಷ್ಟೇ. 1972ರಲ್ಲಿ ಇಲಿಗಳಲ್ಲಿ ಅದನ್ನು ನಾಶಮಾಡಿದಾಗ ದಿನದ ಲಯವೇ ಅಳಿಸಿಹೋಯಿತು. ಹಾಗೆಂದು ಇಲಿಗಳು ನಿದ್ದೆಗೆಡಲಿಲ್ಲ. ಹೊತ್ತುಗೊತ್ತಿಲ್ಲದೆ ಚೂರುಚೂರಾಗಿ ಮಲಗಿದವು. ಏಕೆಂದರೆ ನಿದ್ದೆಗೆ ಇನ್ನೊಂದು ಲೆಕ್ಕವಿದೆ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಕಾಫಿ ಆ ಒತ್ತಡವನ್ನು ಇಳಿಸುವುದಿಲ್ಲ, ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಕೂತು ಮರೆಮಾಚುತ್ತದೆ. ಈ ಎರಡು ಲೆಕ್ಕಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿದವರು ಜ್ಯೂರಿಕ್‌ನ ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ.

ಗಡಿಯಾರದ ಮೂಲ ಜೀನುಗಳಲ್ಲಿದೆ ಎಂಬುದು 1971ರಲ್ಲೇ ಹಣ್ಣುನೊಣಗಳಿಂದ ಗೊತ್ತಾಗಿತ್ತು. ಅದರ ಮುಂದಿನ ಕೆಲಸಕ್ಕೆ 2017ರ ನೊಬೆಲ್ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೊಡುಗೆ ನಮ್ಮಲ್ಲಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಎಂ.ಕೆ. ಚಂದ್ರಶೇಖರನ್, ವಿಜಯ್ ಕುಮಾರ್ ಶರ್ಮಾ ಮತ್ತಿತರರು ಹಗಲು–ರಾತ್ರಿಯೇ ಇಲ್ಲದ ವಾತಾವರಣದಲ್ಲಿ 600 ತಲೆಮಾರು ಕಳೆದ ನೊಣಗಳನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಿಹುಳು ನೊಣವಾಗಿ ಕವಚದಿಂದ ಹೊರಬರುವ ದಿನದ ಲಯ ಅವುಗಳಲ್ಲಿ ಇನ್ನೂ ಉಳಿದಿತ್ತು.

ಹೀಗಿರುವಾಗ ಕೆಲವು ವಾರದ ರಾತ್ರಿ ಪಾಳಿಗೆ ಮೈ ಪೂರ್ತಿ ಒಗ್ಗೀತೆಂದು ನಿರೀಕ್ಷಿಸುವುದು ಕಷ್ಟ. ಬೆಳಿಗ್ಗೆ ಮನೆಗೆ ಬಂದು ಹಾಸಿಗೆಗೆ ಬಿದ್ದವರಿಗೆ ನಿದ್ದೆಯ ಒತ್ತಡದ ದೆಸೆಯಿಂದ ನಿದ್ದೆಯೇನೋ ತಕ್ಷಣ ಹತ್ತುತ್ತದೆ. ಆದರೆ ದಾರಿಯುದ್ದಕ್ಕೂ ಕಣ್ಣಿಗೆ ಬಿದ್ದ ಬಿಸಿಲು ಗಡಿಯಾರಕ್ಕೆ ಹಗಲಾಯಿತೆಂದು ಹೇಳಿಯಾಗಿರುತ್ತದೆ. ಒತ್ತಡ ಕೊಂಚ ಇಳಿಯುತ್ತಲೇ, ನಿದ್ದೆ ಸಾಲದಿದ್ದರೂ, ಮಧ್ಯಾಹ್ನಕ್ಕೆ ಎಚ್ಚರವಾಗುತ್ತದೆ.