ಅಣಬೆಯ ಬುಡ ಅಗೆದು ನೋಡಿ

ಅಣಬೆ ಸಾರಿಗೆ ಬೆಳ್ಳಿ ಚಮಚ ಅದ್ದಿ, ಅದು ಕಪ್ಪಾಗದಿದ್ದರೆ ಧೈರ್ಯವಾಗಿ ಉಣ್ಣಬಹುದು ಅನ್ನುವ ಮಾತು ಪ್ರತಿ ಮಳೆಗಾಲಕ್ಕೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅರಿಶಿನ ಹಾಕಿದರೆ ವಿಷ ಇಳಿಯುತ್ತೆ, ಹುಳ ತಿಂದ ಅಣಬೆಯಾದರೆ ಭಯವಿಲ್ಲ, ಬಿಳಿ ಇದ್ದರೆ ಒಳ್ಳೆಯದು ಅನ್ನುವವೂ ಜೊತೆಗೇ ಬರುತ್ತವೆ. ಇಂಥದ್ದನ್ನು ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬೆಳ್ಳಿ ಕಪ್ಪಾಗುವುದು ಗಂಧಕದ ಕೆಲವು ಸಂಯುಕ್ತಗಳು ತಾಗಿದಾಗ. ಅಮಾನಿಟ ಗುಂಪಿನ ಕೆಲವು ಅಣಬೆಗಳಲ್ಲಿರುವ ಅಮಾನಿಟಿನ್ ವಿಷಕ್ಕೆ ಚಮಚದ ಬಣ್ಣ ಬದಲಾಗುವುದಿಲ್ಲ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಮನುಷ್ಯರನ್ನು ಕೊಲ್ಲುವ ಅಣಬೆಯನ್ನು ಬಸವನಹುಳ ಆರಾಮಾಗಿ ತಿನ್ನುತ್ತದೆ. ಈ ವಿಷದ ಇನ್ನೊಂದು ಕೆಟ್ಟ ಗುಣ ಎಂದರೆ ತಡ. ಊಟವಾಗಿ ಆರರಿಂದ ಇಪ್ಪತ್ನಾಲ್ಕು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಡುವೆ ಒಂದು ದಿನ ಹುಷಾರಾದಂತೆ ಕಾಣುತ್ತದೆ. ಅಷ್ಟರಲ್ಲಿ ಲಿವರ್‌ನ ಜೀವಕೋಶಗಳಿಗೆ ಪ್ರೋಟೀನ್ ತಯಾರಿಸುವ ಶಕ್ತಿಯೇ ನಿಂತುಹೋಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾತೋಟದ ಕಡೆಯವರು.

ಹಾಗಾದರೆ ನಮ್ಮ ಮಲೆನಾಡಿನವರು, ಕರಾವಳಿಯವರು, ಕುಮ್ಮು (ಅಣಬೆ) ಎಂದರೆ ಜೀವ ಬಿಡುವ ಕೊಡಗಿನವರು ತಲೆತಲಾಂತರದಿಂದ ತಿನ್ನುತ್ತಿಲ್ವಾ? ತಿನ್ನುತ್ತಾರೆ. ಅವರು ಕಾಡಿನ ಎಲ್ಲ ಅಣಬೆಗೂ ಕೈಹಾಕುವುದಿಲ್ಲ. ಗೊತ್ತಿರುವ ನಾಲ್ಕಾರು ಬಗೆ, ಗೊತ್ತಿರುವ ಜಾಗ, ಅಷ್ಟೇ. ಅದರಲ್ಲಿ ಮೊದಲ ಸ್ಥಾನ ಹುತ್ತದ ಅಣಬೆಗೆ. ವಿಜ್ಞಾನಿಗಳು ಅದನ್ನು ಟರ್ಮಿಟೋಮೈಸಿಸ್ ಎಂದು ಕರೆಯುತ್ತಾರೆ. ಅದರ ಬದುಕು ಎಷ್ಟು ಸೊಗಸಾಗಿದೆ ಎಂದರೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಈ ಅಣಬೆಯನ್ನು ಬೆಳೆಸುವುದು ಗೆದ್ದಲು. ಕೆಲಸಗಾರ ಗೆದ್ದಲುಗಳು ಒಣಎಲೆ, ಕಡ್ಡಿ ತಿಂದು ಬರುತ್ತವೆ. ಆದರೆ ಅದು ಅವಕ್ಕೆ ಪೂರ್ತಿ ಜೀರ್ಣವಾಗುವುದಿಲ್ಲ. ಹುತ್ತದೊಳಗೆ ಅದನ್ನೇ ವಿಸರ್ಜಿಸಿ, ತೂತುತೂತಾದ ಹಗುರ ಗಡ್ಡೆ ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಹಬ್ಬುತ್ತದೆ, ಮರದ ಗಟ್ಟಿ ಅಂಶವನ್ನು ಮೆತ್ತಗೆ ಮಾಡುತ್ತದೆ. ಸಾಸಿವೆಗಿಂತ ತುಸು ಹೆಚ್ಚುಕಮ್ಮಿ ಗಾತ್ರದ ಬಿಳಿ ಗುಂಡುಗಳು ಮೂಡುತ್ತವೆ. ಗೆದ್ದಲಿಗೆ ಅದೇ ಊಟ. ಈ ಬಿಳಿ ಗುಂಡುಗಳ ಬಗ್ಗೆ ಮೊದಲು ಬರೆದವನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ ಕೋನಿಗ್. ತಂಜಾವೂರಿನ ಕಡೆ ಹುತ್ತಗಳನ್ನು ನೋಡಿ 1779ರಲ್ಲಿ ಪ್ರಕಟಿಸಿದ. ಅಣಬೆಗೆ ಈಗಿನ ಹೆಸರು ಬಂದದ್ದು 1942ರಲ್ಲಿ, ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜೆ ಹೈಮ್‌ನಿಂದ. ಗೆದ್ದಲಿನ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ ವಯಸ್ಸು. ನಾವು ಇನ್ನೂ ಇದನ್ನು ಚಿಪ್ಪಣಬೆ ಹಾಗೆ ಶೆಡ್ಡಿನಲ್ಲಿ ಬೆಳೆಯಲು ಕಲಿತಿಲ್ಲ.

ಇನ್ನೂ ಚೆಂದದ ಸಂಗತಿ ಮುಂದಿದೆ. ಮೊದಲ ಮಳೆಗೆ ದೀಪ ಮುತ್ತುವ ಮಳೆಹುಳಗಳು ಹೊಸ ಗೂಡು ಕಟ್ಟಲು ಹೊರಟ ಗೆದ್ದಲು. ಬಹುತೇಕ ಜಾತಿಗಳಲ್ಲಿ ಅವು ಶಿಲೀಂಧ್ರವನ್ನು ಜೊತೆಗೆ ಒಯ್ಯುವುದಿಲ್ಲ. ವಾರಗಟ್ಟಲೆ ಕಳೆದು, ಹೊಸ ಗೂಡಿನ ಮೊದಲ ಕೆಲಸಗಾರರು ಹೊರಬರುವ ಹೊತ್ತಿಗೆ ಸರಿಯಾಗಿ ಹಳೆ ಹುತ್ತಗಳಿಂದ ಅಣಬೆ ಎದ್ದು ಬೀಜಕಣ ಉದುರಿಸುತ್ತದೆ. ಹೊಸ ಸಂಸಾರ ಹೂಡಿದವರು ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ, ಅವು ಆ ಬೀಜಕಣ ಹೆಕ್ಕಿ ತಂದು ತೋಟ ಶುರುಮಾಡುತ್ತವೆ. ಅಣಬೆ ಏಳಿಸುವುದು ಗುಡುಗು ಅನ್ನುತ್ತಾರಲ್ಲ, ಅದರ ಹಿಂದೆ ಇಷ್ಟೆಲ್ಲ ಏರ್ಪಾಡಿದೆ.

ಗುರುತಿಗೂ ಈ ಕತೆಯೇ ದಾರಿ. ಅಣಬೆ ಹುಟ್ಟುವುದು ನೆಲದಾಳದ ಆ ಗಡ್ಡೆಯಲ್ಲಿ. ಹಾಗಾಗಿ ದೊಡ್ಡ ಜಾತಿಗಳಿಗೆ ಬೇರಿನಂಥ ಉದ್ದ ಬುಡ ಇರುತ್ತದೆ. ಮಣ್ಣು ಸೀಳಲು ಕೊಡೆಯ ನೆತ್ತಿ ಚೂಪಾಗಿರುತ್ತದೆ. ಅಮಾನಿಟದ ಬುಡದಲ್ಲಿ ಚೀಲದಂಥ ಹೊದಿಕೆ ಇರುತ್ತದೆ, ಅದೂ ಮಣ್ಣಿನೊಳಗೇ. ನೆಲಮಟ್ಟಕ್ಕೆ ಚಿವುಟಿ ತಂದರೆ ಎರಡೂ ಸಾಕ್ಷಿ ಅಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಕೋಲಿನಿಂದ ಸುತ್ತ ಬಿಡಿಸಿ, ಇಡೀ ಬುಡ ತೆಗೆಯಿರಿ. ಮನೆಗೆ ತಂದು ಅರಳಿದ ಕೊಡೆಯೊಂದನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ. ಬೆಳಗ್ಗೆ ಹುತ್ತದ ಅಣಬೆ ನಸುಗುಲಾಬಿ ಅಥವಾ ಕೆನೆಬಣ್ಣದ ಪುಡಿ ಉದುರಿಸಿರುತ್ತದೆ. ಪುಡಿ ಹಸಿರಾಗಿದ್ದರೆ ಅದು ಹುಲ್ಲುಗಾವಲಿನಲ್ಲಿ ಏಳುವ ಕ್ಲೋರೋಫಿಲಮ್ ಎಂಬ ವಿಷದ ಅಣಬೆ. ಒಂದೆರಡು ತಾಸಿನಲ್ಲೇ ಹೊಟ್ಟೆ ಕಿವುಚಿ ವಾಂತಿ ತರಿಸುತ್ತದೆ, ಎಸೆಯಿರಿ. ಮೊಗ್ಗುಗಳನ್ನು ಮಾತ್ರ ನೋಡಿ ತೀರ್ಮಾನ ಬೇಡ. ಬೇರಿನಂಥ ಬುಡ ಬೇರೆ ಕೆಲವಕ್ಕೂ ಇದೆ, ಅದಕ್ಕೇ ಎಲ್ಲ ಗುರುತೂ ಕೂಡಿಬರಬೇಕು. ಊರಿನ ಅನುಭವಸ್ಥರೊಬ್ಬರ ಹಿಂದೆ ಕೆಲವು ಮಳೆಗಾಲ ತಿರುಗದೆ ಸ್ವಂತಕ್ಕೆ ಕೀಳಲೇಬೇಡಿ.

ಅಡುಗೆ ಸುಲಭ. ಮಣ್ಣು ಹೆರೆದು, ತೊಳೆದು, ಕೈಯಿಂದ ಸಿಗಿದರೆ ಸಾಕು, ದಂಟು ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಈರುಳ್ಳಿ ಹುರಿದು, ಅಣಬೆ ಹಾಕಿ, ಅದು ಬಿಟ್ಟ ನೀರಿನಲ್ಲೇ ಚೆನ್ನಾಗಿ ಬೇಯಿಸಿ. ಆಮೇಲೆ ಒಣಮೆಣಸು, ಕೊತ್ತಂಬರಿ, ತೆಂಗಿನಕಾಯಿ ರುಬ್ಬಿದ ಖಾರ. ಜೊತೆಗೆ ಅಕ್ಕಿರೊಟ್ಟಿ. ಕಿತ್ತ ದಿನವೇ ಮಾಡಿಬಿಡಿ. ಬುಡಸಮೇತ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ, ವಾಂತಿ ನಿಂತಿದ್ದರೂ ಸರಿ, ಅದನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.