ಎರಡು ಟರ್ಬೊ ಇರುವ ಡೀಸೆಲ್ ಎಂಜಿನ್: ಕೆಡೋದು ಒಂದು, ಬೈಸಿಕೊಳ್ಳೋದು ಇನ್ನೊಂದು

ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಹತ್ತಿರ ಟ್ವಿನ್ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಊದುವ ಟರ್ಬೊ ಎರಡಿರುವ ಡೀಸೆಲ್ ಗಾಡಿ ಬಗ್ಗೆ ವಿಚಾರಿಸಿ ನೋಡಿ. ‘ಚಾಮುಂಡಿ ಬೆಟ್ಟ ಹತ್ತಿದ್ದೇ ಗೊತ್ತಾಗಲ್ಲ ಸಾರ್’ ಅನ್ನುತ್ತಾರೆ ಒಬ್ಬರು. ‘ಒಂದು ಟರ್ಬೊ ಕಾಟವೇ ಸಾಕಾಗಿದೆ, ಎರಡರ ಸಹವಾಸ ಯಾಕೆ’ ಅನ್ನುತ್ತಾರೆ ಇನ್ನೊಬ್ಬರು. ಎಂಜಿನ್ ಒಳಗಿನ ಚೈನ್ ಶಬ್ದ ಬಂತು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಸೋರಿತು, ಹೊಗೆಯ ಮಸಿ ಸೋಸುವ ಡಿಪಿಎಫ್ ಕಟ್ಟಿಕೊಂಡಿತು, ಆಯಿಲ್ ಲೆವೆಲ್ ಏರಿತು. ಎಲ್ಲಕ್ಕೂ ನಮ್ಮ ಕಡೆ ಈಗ ಒಂದೇ ಹೆಸರು, ‘ಟರ್ಬೊ ಪ್ರಾಬ್ಲಮ್’. ಇವುಗಳಲ್ಲಿ ಟರ್ಬೊಗೆ ನೇರವಾಗಿ ಸಂಬಂಧಿಸಿದ್ದು ಒಂದೂ ಇಲ್ಲ. ಯಾವ ತೊಂದರೆ ಎಲ್ಲಿಂದ ಬಂತು ಅಂತ ಬಿಡಿಸಿ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಓಡಿಸಿ ತೋರಿಸಿದ್ದು 1897ರಲ್ಲಿ. 1936ರಲ್ಲಿ ಅದು ಮರ್ಸಿಡಿಸ್ 260ಡಿ ಕಾರಿಗೆ ಬಂತು, 1978ರಲ್ಲಿ ಅದೇ ಕಂಪನಿಯ 300ಎಸ್‌ಡಿಗೆ ಟರ್ಬೊ ಸೇರಿತು, ನಮ್ಮಲ್ಲಿ ಅಂಬಾಸಿಡರ್ ಡೀಸೆಲ್‌ನಿಂದ 1998ರ ಇಂಡಿಕಾವರೆಗೆ ಗಡಗಡ ಸದ್ದಿನ ಒಂದು ಕಾಲವೇ ಕಳೆಯಿತು. ಆ ಎಂಜಿನ್‌ಗಳಿಗೆ ವೇಗ ಇರಲಿಲ್ಲ, ಆದರೆ ಗುಟ್ಟೂ ಇರಲಿಲ್ಲ. ಪಂಪು, ನಾಜಲ್, ಫಿಲ್ಟರ್ ಅಷ್ಟೇ. ಮಂಡ್ಯದಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಕೈ ಪಳಗಿದ ಯಾವ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಿದ್ದ. ‘ಡೀಸೆಲ್ ಅಂದ್ರೆ ಗಟ್ಟಿ’ ಅನ್ನುವ ನಂಬಿಕೆ ಹುಟ್ಟಿದ್ದು ಆಗ. ಇವತ್ತಿಗೂ ಎಷ್ಟೋ ಜನ ಹೊಸ ಗಾಡಿಯನ್ನು ಆ ನಂಬಿಕೆಯ ಮೇಲೆಯೇ ಕೊಳ್ಳುತ್ತಾರೆ.

1997ರಲ್ಲಿ ಆಲ್ಫಾ ರೋಮಿಯೊ 156ರ ಜೊತೆ ಕಾಮನ್ ರೈಲ್ ಬಂದಾಗ ಆಟವೇ ಬದಲಾಯಿತು. ಎಲ್ಲ ಸಿಲಿಂಡರ್‌ಗಳಿಗೂ ಸೇರಿ ಒಂದೇ ಪೈಪಿನಲ್ಲಿ ಭಾರೀ ಒತ್ತಡದ ಡೀಸೆಲ್ ಕಾದಿರುತ್ತದೆ. ಯಾವಾಗ, ಎಷ್ಟು ಸಿಂಪಡಿಸಬೇಕು ಅನ್ನೋದನ್ನು ಕಂಪ್ಯೂಟರ್ ಹೇಳುತ್ತದೆ. ಸದ್ದು ಕಡಿಮೆಯಾಯಿತು, ಎಳೆತ ಹೆಚ್ಚಿತು. ಜೊತೆಗೆ ನಮ್ಮಲ್ಲಿ 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. ಡೀಸೆಲ್‌ಗೆ ಅದು 2014ರ ಅಕ್ಟೋಬರ್‌ವರೆಗೂ ಉಳಿಯಿತು, ಹಾಗಾಗಿ ಅದು ಪೆಟ್ರೋಲಿಗಿಂತ ಅಗ್ಗವಾಗಿಯೇ ಇತ್ತು. ಆ ನಡುವಿನ ವರ್ಷಗಳಲ್ಲಿ ಕಾರು ಕೊಂಡವರಿಗೆ ಡೀಸೆಲ್ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ಟರ್ಬೊ ಯಾಕೆ ಬೇಕಾಯಿತು? ಟರ್ಬೊ ತಿರುಗೋದು ಎಂಜಿನ್ನಿನ ಹೊಗೆಯಿಂದ. ದೊಡ್ಡ ಟರ್ಬೊ ಹೆಚ್ಚು ಗಾಳಿ ಕೊಡುತ್ತದೆ, ಆದರೆ ಎಂಜಿನ್ ನಿಧಾನ ಇರುವಾಗ ಅದನ್ನು ತಿರುಗಿಸುವಷ್ಟು ಹೊಗೆಯೇ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿ ಸುಮ್ನೆ ಕಾಯಬೇಕು. ಚಿಕ್ಕದು ತಕ್ಷಣ ತಿರುಗುತ್ತದೆ, ವೇಗ ಏರಿದ ಮೇಲೆ ಸುಸ್ತಾಗುತ್ತದೆ. ಹಾಗಾಗಿ ಎರಡನ್ನೂ ಹಾಕಿದರು. ಮೊದಲು ಚಿಕ್ಕದು, ಆಮೇಲೆ ಎರಡೂ ಜೊತೆಗೆ, ಕೊನೆಗೆ ದೊಡ್ಡದೊಂದೇ. ಹೊಗೆ ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನಿಸೋದು ನಡುವೆ ಇರುವ ಕವಾಟಗಳು. 2004ರ ಬಿಎಂಡಬ್ಲ್ಯು 535ಡಿ ಹೀಗೆ 3 ಲೀಟರ್ ಎಂಜಿನ್ನಿನಿಂದ 272 ಎಚ್‌ಪಿ, 560 ನ್ಯೂಟನ್ ಮೀಟರ್ ಟಾರ್ಕ್ (ಎಳೆತ) ತೆಗೆಯಿತು. ನಾಲ್ಕೇ ವರ್ಷದಲ್ಲಿ ಮರ್ಸಿಡಿಸ್‌ನ ಒಎಂ651 ಬಂತು. ನಾಲ್ಕು ಸಿಲಿಂಡರ್, 2143 ಸಿಸಿ, 204 ಎಚ್‌ಪಿ, 500 ನ್ಯೂಟನ್ ಮೀಟರ್. ನಮ್ಮ ರಸ್ತೆಯಲ್ಲಿ ಓಡಾಡಿದ ಇ250 ಸಿಡಿಐನಲ್ಲಿದ್ದದ್ದು ಇದೇ. ವೋಲ್ವೊ ಎಕ್ಸ್‌ಸಿ90 ಡಿ5, ಆಮೇಲೆ 2020ರ ಎಂಜಿ ಗ್ಲಾಸ್ಟರ್ ಇದೇ ಜಾತಿಯವು. ಗ್ಲಾಸ್ಟರ್‌ನ 1996 ಸಿಸಿ ಎಂಜಿನ್ ಸುಮಾರು 215 ಎಚ್‌ಪಿ, 480 ನ್ಯೂಟನ್ ಮೀಟರ್ ಹತ್ತಿರ ಕೊಡುತ್ತದೆ.

ಅಂದರೆ ಒಂದು ಲೀಟರ್‌ಗೆ ಸುಮಾರು ನೂರು ಎಚ್‌ಪಿ. ಅಂಬಾಸಿಡರ್‌ನ ಒಂದೂವರೆ ಲೀಟರ್ ಡೀಸೆಲ್ ಒಟ್ಟು ಐವತ್ತನ್ನೂ ಮುಟ್ಟುತ್ತಿರಲಿಲ್ಲ. ಈ ಶಕ್ತಿ ಪುಕ್ಕಟೆ ಬರುವುದಿಲ್ಲ, ಅಲ್ವಾ? ಒಎಂ651ರಲ್ಲಿ ಡೀಸೆಲ್ 2000 ಬಾರ್ ಒತ್ತಡದಲ್ಲಿ ಸಿಂಪಡಣೆಯಾಗುತ್ತದೆ, ಸಿಲಿಂಡರ್ ಒಳಗಿನ ಒತ್ತಡ 200 ಬಾರ್‌ವರೆಗೆ ಹೋಗುತ್ತದೆ. ಚಿಕ್ಕ ಟರ್ಬೊ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ, ಅದೂ ತೆಳ್ಳನೆಯ ಆಯಿಲ್ ಪದರದ ಮೇಲೆ. ಎಲ್ಲವೂ ಸರಿಯಿದ್ದರೆ ಸರಿ. ತಪ್ಪಿಗೆ ಜಾಗ ಬಹಳ ಕಡಿಮೆ.

ಮೊದಲ ಪೀಳಿಗೆಯಲ್ಲಿ ದೊಡ್ಡ ಸುದ್ದಿಯಾದ ತೊಂದರೆಗಳನ್ನೇ ನೋಡಿ. 2007ರ ಬಿಎಂಡಬ್ಲ್ಯು ಎನ್47 ಎಂಜಿನ್‌ನಲ್ಲಿ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ತೆರೆಸಿ ಮುಚ್ಚಿಸುವ ಟೈಮಿಂಗ್ ಚೈನ್ ಇದ್ದದ್ದು ಹಿಂಬದಿ, ಗೇರ್‌ಬಾಕ್ಸ್ ಕಡೆಗೆ. ಚೈನ್ ಸವೆದರೆ ಗೇರ್‌ಬಾಕ್ಸ್ ಇಲ್ಲವೇ ಎಂಜಿನ್ ಇಳಿಸಬೇಕು. ತುಂಡಾದರೆ ವಾಲ್ವು, ಪಿಸ್ಟನ್ ಎರಡೂ ಹೋದವು. ಒಂದು ಟರ್ಬೊ ಇದ್ದ ಎನ್47ಗೂ ಇದೇ ಗತಿ. ಒಎಂ651ರ ಆರಂಭದ ಗಾಡಿಗಳಲ್ಲಿ ಪೀಜೊ ಇಂಜೆಕ್ಟರ್‌ಗಳು ಕೈಕೊಟ್ಟವು, ಅವನ್ನು ಬದಲಿಸಿ ಬೇರೆ ಬಗೆಯವನ್ನು ಹಾಕಿದರು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಬೆಂಕಿ ಹತ್ತಿತು. ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್‌ನಿಂದ ಕೂಲಂಟ್ ಸೋರಿ, ಮಸಿ ಮತ್ತು ಎಣ್ಣೆಯ ಜೊತೆ ಕೂಡಿ ಹೊತ್ತಿಕೊಳ್ಳುವ ಅಪಾಯ ಅದು. ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆದರು. ಈ ಮೂರರಲ್ಲೂ ಟರ್ಬೊ ಪಾತ್ರ ಏನು ಅಂತ ನೀವೇ ಹೇಳಿ.

ನಮ್ಮ ಕಥೆ ನಿಜವಾಗಿ ಸಿಕ್ಕಾಗಿದ್ದು 2020ರ ಏಪ್ರಿಲ್ 1ರಿಂದ. ಅಂದು ಇಡೀ ದೇಶಕ್ಕೆ ಬಿಎಸ್-6 ಹೊಗೆ ನಿಯಮ ಬಂತು. ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಾಳಿಗೆ ಒಳ್ಳೆಯದೇ. ಆದರೆ ಡೀಸೆಲ್ ಕಾರಿಗೆ ಡಿಪಿಎಫ್ ಇಲ್ಲದೆ ಗತಿಯಿಲ್ಲ ಎನ್ನುವ ಹಾಗಾಯಿತು. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿದಿಟ್ಟುಕೊಳ್ಳುವ ಸೋಸುಗ. ಅದು ತುಂಬುತ್ತಾ ಬಂದಾಗ ಎಂಜಿನ್ ತಾನಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಒಳಗಿನ ಬಿಸಿಯನ್ನು 600 ಡಿಗ್ರಿ ಆಸುಪಾಸಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು.

ಈಗ ಕುವೆಂಪುನಗರದ ಒಂದು ಮನೆ ನೆನೆಸಿಕೊಳ್ಳಿ. ಬೆಳಿಗ್ಗೆ ಮಕ್ಕಳನ್ನು ಸರಸ್ವತಿಪುರಂ ಶಾಲೆಗೆ ಬಿಟ್ಟು ಬರೋದು, ಸಂಜೆ ದೇವರಾಜ ಮಾರ್ಕೆಟ್ಟು. ಎಂಜಿನ್ ಬಿಸಿಯಾಗುವ ಹೊತ್ತಿಗೆ ಮನೆ ಬಂದಿರುತ್ತದೆ. ಸುಡುವ ಕೆಲಸ ಶುರುವಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಮತ್ತೆ ಶುರು. ಬೆಂಗಳೂರು ಹೆದ್ದಾರಿ 2023ರಲ್ಲಿ ಪೂರ್ತಿಯಾದ ಮೇಲೆ ಒಳ್ಳೆಯ ಅವಕಾಶ ಸಿಕ್ಕಿತು. ಮೈಸೂರಿನಿಂದ ಹೊರಟರೆ ಎಲ್ಲೂ ನಿಲ್ಲದೆ ಮಂಡ್ಯ ದಾಟಬಹುದು. ಆದರೆ ಗಣಂಗೂರಿನ ಟೋಲ್ ಉಳಿಸಲು ಸರ್ವಿಸ್ ರಸ್ತೆಗೆ ಇಳಿಯುವವರೂ ಇದ್ದಾರೆ. ಅಲ್ಲಿ ಹಂಪು, ಟ್ರ್ಯಾಕ್ಟರ್, ಬೈಕು. ಡಿಪಿಎಫ್ ದೀಪ ಮತ್ತೆ ಹತ್ತುತ್ತದೆ.

ಸುಡುವುದು ಅರ್ಧಕ್ಕೆ ನಿಂತರೆ ಇನ್ನೊಂದು ಪೆಟ್ಟು ಬೀಳುತ್ತದೆ. ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಹಿಡಿದು ಕೆಳಗೆ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಹಳೆಯ ಎಂಜಿನ್‌ನಲ್ಲಿ ಆಯಿಲ್ ಕಮ್ಮಿಯಾದರೆ ಭಯ, ಇಲ್ಲಿ ಮೇಲಿನ ಗೆರೆ ದಾಟಿದ್ದರೆ ಭಯ. ಬೆರಳ ನಡುವೆ ಉಜ್ಜಿದರೆ ನೀರು ನೀರಾಗಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ‘ಆಯಿಲ್ ಇಳಿದಿಲ್ಲ, ಎಂಜಿನ್ ಸೂಪರ್’ ಅಂತ ಖುಷಿಪಡುವ ಮಾಲೀಕರು ಇಲ್ಲೇ ಮೋಸಹೋಗುತ್ತಾರೆ. ಆ ತೆಳ್ಳನೆಯ ಆಯಿಲ್ ಮೇಲೆಯೇ ಟರ್ಬೊ ತಿರುಗಬೇಕು, ಚೈನ್ ಓಡಬೇಕು. ಕೊನೆಗೆ ಟರ್ಬೊ ಹೋದಾಗ ಬಿಲ್ಲಿನಲ್ಲಿ ಟರ್ಬೊ ಹೆಸರೇ ಇರುತ್ತದೆ.

ಇಜಿಆರ್ ಕಥೆಯೂ ಇದರ ತಮ್ಮನೇ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸಿ ವಿಷಾನಿಲ ತಗ್ಗಿಸುವ ವ್ಯವಸ್ಥೆ ಇದು. ಆ ಹೊಗೆಯ ಮಸಿ, ಎಂಜಿನ್ ಒಳಗಿಂದ ಬರುವ ಎಣ್ಣೆಯ ಆವಿ ಎರಡೂ ಗಾಳಿ ಹೋಗುವ ಪೈಪಿನಲ್ಲಿ ಸಂಧಿಸುತ್ತವೆ. ವರ್ಷಗಳಾದ ಮೇಲೆ ಆ ಪೈಪನ್ನು, ಅಂದರೆ ಮ್ಯಾನಿಫೋಲ್ಡನ್ನು, ಬಿಚ್ಚಿದರೆ, ಆಲೆಮನೆಯಲ್ಲಿ ಕೊಪ್ಪರಿಗೆ ತಳಕ್ಕೆ ಸೀದು ಹಿಡಿದ ಬೆಲ್ಲದ ಹಾಗೆ ಕಪ್ಪಗೆ ಅಂಟಿಕೊಂಡಿರುತ್ತದೆ. ಗಾಳಿಯ ದಾರಿ ಅರ್ಧ ಮುಚ್ಚಿದ್ದರೆ ಟರ್ಬೊ ಎಷ್ಟು ಊದಿದರೇನು? ‘ಪಿಕಪ್ ಇಲ್ಲ’ ಅನ್ನುವ ದೂರು ಅಲ್ಲಿಂದ ಬರುತ್ತದೆ.

ಹಾಗಂತ ಎರಡು ಟರ್ಬೊಗಳದ್ದು ತಪ್ಪೇ ಇಲ್ಲ ಅಂತಲ್ಲ. ಭಾಗಗಳು ಜಾಸ್ತಿ, ಕೈಕೊಡುವ ಜಾಗಗಳೂ ಜಾಸ್ತಿ. ಎರಡರ ನಡುವಿನ ಕವಾಟ ಮಸಿಯಿಂದ ಬಿಗಿಯಬಹುದು, ಅದನ್ನು ಆಡಿಸುವ ಆಕ್ಚುಯೇಟರ್ ಸಾಯಬಹುದು, ವ್ಯಾಕ್ಯೂಮ್ ಪೈಪು ಸೀಳಬಹುದು. ಗಾಡಿ ಲಿಂಪ್ ಮೋಡ್‌ಗೆ, ಅಂದರೆ ಎಂಜಿನ್ ಉಳಿಸಲು ಕಂಪ್ಯೂಟರೇ ಶಕ್ತಿ ತಗ್ಗಿಸುವ ಸ್ಥಿತಿಗೆ ಹೋಗಿ ಆಮೆ ನಡಿಗೆ ಹಿಡಿಯುತ್ತದೆ. ಸ್ಕ್ಯಾನರ್ ‘ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಕಮ್ಮಿ’ ಅನ್ನುತ್ತದೆ ಅಷ್ಟೇ, ಯಾಕೆ ಅನ್ನುವುದಿಲ್ಲ. ಅವಸರದ ಗ್ಯಾರೇಜ್ ಆಗಿದ್ದರೆ ಎರಡೂ ಟರ್ಬೊ ಬದಲಿಸಲು ಎಸ್ಟಿಮೇಟ್ ಬರೆಯುತ್ತದೆ. ತಾಳ್ಮೆ ಇರುವ ಕಡೆ ಮೊದಲು ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ವರೆಗಿನ ರಬ್ಬರ್ ಪೈಪುಗಳಿಗೆ ಕೈ ಹಾಕುತ್ತಾರೆ. ಪೈಪಿನ ಜೋಡಣೆ ಸುತ್ತ ಎಣ್ಣೆ ಒಸರಿ ಧೂಳು ಕೂತಿದ್ದರೆ ಅಲ್ಲೇ ಗಾಳಿ ಸೋರುತ್ತಿದೆ. ‘ಟರ್ಬೊ ಅಲ್ಲ ಕಣಣ್ಣ, ಪೈಪು’ ಅನ್ನುವ ಮಾತು ಕೇಳಿಸಿದರೆ ಆ ಮೆಕ್ಯಾನಿಕ್‌ನ ನಂಬರ್ ಇಟ್ಟುಕೊಳ್ಳಿ.

ಆಯಿಲ್ ಬದಲಿಸುವ ಅವಧಿ ಉದ್ದವಾಗುತ್ತಾ ಬಂದದ್ದು ಇದರಲ್ಲಿ ದೊಡ್ಡ ಪಾತ್ರ ವಹಿಸಿದೆ ಅಂತ ನನಗನ್ನಿಸುತ್ತದೆ. ಯುರೋಪಿನಲ್ಲಿ 30 ಸಾವಿರ ಕಿಲೋಮೀಟರ್‌ವರೆಗೂ ಎಳೆದದ್ದುಂಟು. ಸರ್ವಿಸ್ ಖರ್ಚು ಕಮ್ಮಿ ಅಂತ ಜಾಹೀರಾತಿಗೆ ಚೆನ್ನ, ಮೊದಲ ಮಾಲೀಕನ ಜೇಬಿಗೂ ಚೆನ್ನ. ವಾರಂಟಿ ಮುಗಿಯುವ ಹೊತ್ತಿಗೆ ಅವನು ಗಾಡಿ ಮಾರಿರುತ್ತಾನೆ. ಸವೆದ ಚೈನ್ ಕೈಗೆ ಬರುವುದು ಎರಡನೆಯವನಿಗೆ. ಡಿಪಿಎಫ್ ಇರುವ ಎಂಜಿನ್‌ಗೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಟ್ರ್ಯಾಕ್ಟರ್‌ಗೆ ಹಾಕುವ 15ಡಬ್ಲ್ಯು-40 ಕ್ಯಾನಿನಿಂದ ಸುರಿದರೆ, ಮಸಿ ಸುಟ್ಟರೂ ಬೂದಿ ಡಿಪಿಎಫ್ ಒಳಗೇ ಉಳಿಯುತ್ತದೆ, ಅದನ್ನು ಸುಡಲು ಆಗುವುದಿಲ್ಲ.

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಈಚೆಗೆ ಅಗ್ಗವಾದ ಐಷಾರಾಮಿ ಡೀಸೆಲ್‌ಗಳು ದಕ್ಷಿಣದ ಊರುಗಳ ಕಡೆ ಮುಖ ಮಾಡಿವೆ. ಕೊಳ್ಳುವವರು ಮೀಟರ್ ನೋಡುತ್ತಾರೆ, ಸೀಟು ನೋಡುತ್ತಾರೆ. ಆಯಿಲ್ ಬದಲಿಸಿದ ತಾರೀಖುಗಳನ್ನು ಕೇಳುವವರು ಕಮ್ಮಿ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹಿಂಬದಿಯ ಚೈನ್ ಸದ್ದಿಗೆ ಕಿವಿಗೊಡುವವರು ಇನ್ನೂ ಕಮ್ಮಿ.

ಇತ್ತೀಚೆಗೆ ಇನ್ನೊಂದು ಸಿಕ್ಕು ಸೇರಿದೆ. ಡಿಪಿಎಫ್ ಬದಲಿಸುವ ಖರ್ಚಿಗೆ ಹೆದರಿ, ಅದರ ಒಳಗಿನದನ್ನು ಕೊರೆದು ತೆಗೆಸಿ, ಕಂಪ್ಯೂಟರ್ ಪ್ರೋಗ್ರಾಮನ್ನೇ ತಿದ್ದಿಸುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ದೀಪ ಹತ್ತುವುದಿಲ್ಲ, ಸ್ಕ್ಯಾನರ್‌ಗೂ ದೋಷ ಕಾಣುವುದಿಲ್ಲ. ಎಮಿಷನ್ ಟೆಸ್ಟ್‌ನಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟವಾಗಿದೆ ಅಂತಷ್ಟೇ ಅಳೆಯುತ್ತಾರೆ, ಹಾಗಾಗಿ ಎಷ್ಟೋ ಸಲ ಅಲ್ಲೂ ಪಾಸ್ ಆಗಿಬಿಡುತ್ತದೆ. ಇಂಥ ಗಾಡಿ ಎದುರಿಗಿದ್ದರೆ ಟಾರ್ಚ್ ಹಿಡಿದು ಸೈಲೆನ್ಸರ್ ಪೈಪಿನ ತುದಿಗೆ ಬೆರಳು ಹಾಕಿ ನೋಡಿ. ಡಿಪಿಎಫ್ ನೆಟ್ಟಗಿದ್ದರೆ ಬೆರಳಿಗೆ ಮಸಿ ಹತ್ತುವುದೇ ಕಷ್ಟ.