ಭೂಭ್ರಮಣವಾದ: ಒಂದು ಪದ, ಅದು ಎದುರಿಸಿದ ಸಂಶಯ

ನಕ್ಷತ್ರಗಳು ನಿಂತಲ್ಲೇ ಇವೆ, ಭೂಮಿಯೇ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ ಎಂಬ ಪ್ರತಿಪಾದನೆಗೆ ಭೂಭ್ರಮಣವಾದ ಎಂದು ಹೆಸರು. ಶಾಲೆಯ ಪಾಠದಲ್ಲಿ ನಾವು ಭೂಮಿಯ ದೈನಂದಿನ ಚಲನೆ ಎಂದು ಓದಿರುವುದು ಇದನ್ನೇ. ಸೂರ್ಯನ ಸುತ್ತ ಭೂಮಿ ಸಾಗುವ ವಾರ್ಷಿಕ ಚಲನೆ ಈ ಪದದ ವ್ಯಾಪ್ತಿಗೆ ಸೇರುವುದಿಲ್ಲ. ಇವೆರಡನ್ನೂ ಬೆರೆಸಿ ಆರ್ಯಭಟ ಸೂರ್ಯಕೇಂದ್ರ ಸಿದ್ಧಾಂತವನ್ನೇ ಹೇಳಿದ್ದನೆಂದು ಬರೆಯುವವರು ಇಂದಿಗೂ ಇದ್ದಾರೆ. ಆದರೆ ಅವನ ಭೂಮಿ ತಿರುಗುತ್ತದೆಯೇ ಹೊರತು ವಿಶ್ವದ ನಡುವಿನ ತನ್ನ ಸ್ಥಾನವನ್ನು ಬಿಟ್ಟು ಕದಲುವುದಿಲ್ಲ.

ಕ್ರಿ.ಶ. 499ರ ಸುಮಾರಿಗೆ ರಚಿತವಾದ ‘ಆರ್ಯಭಟೀಯ’ದಲ್ಲಿ ಈ ವಾದ ‘ಪ್ರಾಣೇನೈತಿ ಕಲಾಂ ಭೂಃ’ ಎಂಬ ಪುಟ್ಟ ವಾಕ್ಯದಲ್ಲಿ ಅಡಗಿದೆ. ಪ್ರಾಣವೆಂದರೆ ಒಂದು ಉಸಿರಿನ ಹೊತ್ತು, ನಮ್ಮ ಲೆಕ್ಕದಲ್ಲಿ ಸುಮಾರು 4 ಸೆಕೆಂಡು. ಕಲೆಯೆಂದರೆ ವೃತ್ತದ 21,600 ಭಾಗಗಳಲ್ಲಿ ಒಂದು. ಒಂದು ಉಸಿರಿಗೆ ಒಂದು ಕಲೆಯಷ್ಟು ತಿರುಗುವ ಭೂಮಿ 21,600 ಉಸಿರಿಗೆ ಒಂದು ಸುತ್ತು ಮುಗಿಸುತ್ತದೆ. ದೋಣಿಯಲ್ಲಿ ಮುಂದೆ ಸಾಗುತ್ತಿರುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುವ ಹಾಗೆ, ಅಚಲವಾದ ನಕ್ಷತ್ರಗಳು ಲಂಕೆಯಲ್ಲಿ, ಅಂದರೆ ಭೂಮಧ್ಯರೇಖೆಯಲ್ಲಿ, ನೇರ ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂದು ಅದೇ ಗ್ರಂಥದ ಗೋಲಪಾದವೆಂಬ ಅಧ್ಯಾಯ ವಿವರಿಸುತ್ತದೆ. ‘ಅಚಲ’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಅಮರಕೋಶದಲ್ಲಿ ‘ಅಚಲಾ’, ‘ಸ್ಥಿರಾ’ ಎಂಬವು ಭೂಮಿಯ ಹೆಸರುಗಳೇ. ಕದಲದಿರುವುದೇ ಯಾವುದರ ಹೆಸರೋ ಅದೇ ತಿರುಗುತ್ತದೆ ಎಂದು ಹೇಳಿ, ಆ ವಿಶೇಷಣವನ್ನು ನಕ್ಷತ್ರಗಳಿಗೆ ಕೊಟ್ಟುಬಿಟ್ಟ ಮಾತನ್ನು ಕೇಳಿದವರು ಬೆಚ್ಚಿಬಿದ್ದಿದ್ದರೆ ಅದು ಸಹಜವೇ ಆಗಿತ್ತು.

ಆಕ್ಷೇಪಗಳು ತಡವಿಲ್ಲದೆ ಬಂದವು. ಆರನೆಯ ಶತಮಾನದ ವರಾಹಮಿಹಿರ, ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗ ಮೊದಲಾದ ಹಕ್ಕಿಗಳು ತಮ್ಮ ಗೂಡಿಗೆ ಮರಳಲಾರವು, ಬಾವುಟಗಳು ಸದಾ ಪಶ್ಚಿಮದ ಕಡೆಗೇ ಹಾರಾಡಬೇಕಾಗುತ್ತದೆ ಎಂದ. 628ರಲ್ಲಿ ಬ್ರಹ್ಮಗುಪ್ತ, ಭೂಮಿ ಉಸಿರಿಗೊಂದು ಕಲೆಯಂತೆ ಹೋಗುವುದಾದರೆ ಅದು ಎಲ್ಲಿಂದ ಯಾವ ದಾರಿಯಲ್ಲಿ ಹೋಗುತ್ತದೆ, ಅದು ತಿರುಗುವುದಾದರೆ ಎತ್ತರದ ವಸ್ತುಗಳು ಏಕೆ ಬೀಳುವುದಿಲ್ಲ ಎಂದು ಕೇಳಿದ. ಇವನ್ನು ಮೂಢರ ಮಾತುಗಳೆಂದು ತಳ್ಳಿಹಾಕುವುದು ಅನ್ಯಾಯವೆಂದು ನಾನು ಬಲವಾಗಿ ನಂಬುತ್ತೇನೆ. ಲೆಕ್ಕ ಹಾಕಿ ನೋಡಿ: ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಗೂಡಿನಿಂದೆದ್ದ ಹಕ್ಕಿ ಒಂದೇ ಒಂದು ಪ್ರಾಣದಷ್ಟು ಹೊತ್ತು ಗಾಳಿಯಲ್ಲಿದ್ದರೂ ಅದರ ಮರ 1.8 ಕಿಲೋಮೀಟರ್ ದೂರ ಹೋಗಿಬಿಟ್ಟಿರಬೇಕಲ್ಲವೇ? ಹಕ್ಕಿಯಂತೂ ದಿನವೂ ಎಲ್ಲರ ಕಣ್ಣೆದುರಿಗೇ ಗೂಡಿಗೆ ಮರಳುತ್ತಿತ್ತು.

ಉತ್ತರ ಇರುವುದು ಜಡತ್ವದ ನಿಯಮದಲ್ಲಿ. ಓಡುತ್ತಿರುವ ರೈಲಿನಲ್ಲಿ ಕುಳಿತು ಕಿತ್ತಳೆಹಣ್ಣನ್ನು ನೇರ ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿನವರ ಮಡಿಲಿಗೆ ಹೋಗದೆ ಎಸೆದವರ ಕೈಗೇ ಬೀಳುತ್ತದೆ, ಏಕೆಂದರೆ ರೈಲಿನ ವೇಗ ಮೊದಲೇ ಅದರಲ್ಲಿದೆ. ಹಾಗೆಯೇ ಹಕ್ಕಿಯೂ ಗಾಳಿಯೂ ಬಾವುಟವೂ ಭೂಮಿಯ ವೇಗವನ್ನು ಹೊತ್ತುಕೊಂಡೇ ಇರುತ್ತವೆ. ಆರ್ಯಭಟನ ದೋಣಿಯಲ್ಲಿ ಈ ವಿವರಣೆಯ ಬೀಜವಿತ್ತಾದರೂ, ಅದು ದೋಣಿಯವನ ನೋಟವನ್ನು ವಿವರಿಸಿತೇ ವಿನಾ ದೋಣಿಯಲ್ಲಿ ಮೇಲಕ್ಕೆಸೆದ ವಸ್ತುವಿನ ಗತಿಯನ್ನಲ್ಲ. ಸಾಗುತ್ತಿರುವ ಹಡಗಿನೊಳಗಿನ ವಸ್ತುಗಳ ಚಲನೆಯನ್ನು ಗೆಲಿಲಿಯೋ ವಿಸ್ತಾರವಾಗಿ ಚರ್ಚಿಸಿದ್ದು 1632ರಲ್ಲಿ. ಪ್ಯಾರಿಸಿನ ಪಾಂಥಿಯಾನ್ ಕಟ್ಟಡದಲ್ಲಿ 67 ಮೀಟರ್ ಉದ್ದದ ತಂತಿಗೆ 28 ಕಿಲೋಗ್ರಾಂ ಗುಂಡನ್ನು ತೂಗುಬಿಟ್ಟು, ಭೂಮಿಯ ತಿರುಗುವಿಕೆಯಿಂದಾಗಿ ಅದರ ಓಲಾಟದ ದಿಕ್ಕು ಗಂಟೆಗಂಟೆಗೂ ಸರಿಯುವುದನ್ನು ಫ್ರೆಂಚ್ ಭೌತವಿಜ್ಞಾನಿ ಲಿಯೋನ್ ಫುಕೋ ಜನರಿಗೆ ತೋರಿಸಿದ್ದು 1851ರಲ್ಲಿ, ಎಂದರೆ ಬ್ರಹ್ಮಗುಪ್ತನ ಪ್ರಶ್ನೆಗೆ 1,223 ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಸಂಶಯಪಟ್ಟವರ ಕೈಯಲ್ಲಿ ನ್ಯಾಯವಾದ ಕಾರಣಗಳಿದ್ದವು. ಒಂದು ಕಾಲಕ್ಕೆ ವಿರೋಧ ಎದುರಿಸಿ ಮುಂದೆ ಗೆದ್ದ ಇಂಥ ವಾದವನ್ನು ತೋರಿಸಿ, ವಿರೋಧವಿರುವ ಪ್ರತಿಯೊಂದು ಹೊಸ ಮಾತೂ ನಿಜವಿರಬೇಕು ಎಂದು ಸಾಧಿಸಲು ಬರುವುದಿಲ್ಲ.

ಭೂಭ್ರಮಣವಾದಕ್ಕೆ ಬೇರೊಂದು ಬಗೆಯ ಪ್ರತಿಕ್ರಿಯೆಯೂ ಬಂತು, ಅದನ್ನು ಸಂಶಯವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಆರ್ಯಭಟನನ್ನು ಗೌರವಿಸುತ್ತಿದ್ದ ಪರಂಪರೆಗೆ ಅವನ ಈ ಮಾತು ನುಂಗಲಾರದ ತುತ್ತಾಯಿತು. ಒಂಬತ್ತನೆಯ ಶತಮಾನದ ಪೃಥೂದಕಸ್ವಾಮಿಯಂಥವರು, ತಾವು ವ್ಯಾಖ್ಯಾನಿಸುತ್ತಿದ್ದುದು ಬ್ರಹ್ಮಗುಪ್ತನ ಗ್ರಂಥವನ್ನೇ ಆದರೂ, ಭೂಭ್ರಮಣದ ಪರವಾಗಿ ನಿಂತರು. ಆದರೆ ಕೇರಳದ ಪರಮೇಶ್ವರನಂಥ ವ್ಯಾಖ್ಯಾನಕಾರರು ಭೂಮಿ ವಾಸ್ತವವಾಗಿ ಸ್ಥಿರವೇ, ಅದರ ಚಲನೆ ಬರಿಯ ತೋರಿಕೆ ಎಂದು ಅರ್ಥ ಹೇಳಿದರು. ಪಾಠದಲ್ಲೇ ಒಂದು ಅಕ್ಷರ ಬದಲಾಗಿ ‘ಭೂಃ’ ಇದ್ದ ಕಡೆ ‘ಭಂ’ ಎಂದೂ ಆಯಿತು. ‘ಭಂ’ ಎಂದರೆ ನಕ್ಷತ್ರಮಂಡಲ. ಅಲ್ಲಿಗೆ ತಿರುಗುವುದು ಭೂಮಿಯಲ್ಲ, ಆಕಾಶ ಎಂದಾಯಿತು. ಮೂಲದಲ್ಲಿದ್ದುದು ‘ಭೂಃ’ ಎಂಬುದಕ್ಕೆ ಇಂದು ನಮಗಿರುವ ಬಲವಾದ ಸಾಕ್ಷಿಯೆಂದರೆ ಬ್ರಹ್ಮಗುಪ್ತನ ಆ ಖಂಡನೆಯ ಶ್ಲೋಕವೇ: ಪ್ರಶ್ನೆ ಹಾಕುವ ಮುನ್ನ ಅವನು ಎದುರಾಳಿಯ ಮಾತನ್ನು ಒಂದಕ್ಷರವೂ ಬದಲಿಸದೆ ಹಾಗೆಯೇ ಎತ್ತಿಕೊಂಡಿದ್ದ.